ಸಾಶಾನ ಹಾಗೆ ಉದ್ದ ಮಿಕ್ಸ್: ಎರಡು ಚಾನೆಲ್ ಕಂಟ್ರೋಲರ್‌ನಲ್ಲಿ ಆಗ್ತದಾ?

ಕದ್ರಿಕಂಬ್ಳ_124

ಮಂಗಳೂರಿನಲ್ಲಿ ಮೆಹಂದಿ, ರೋಸ್ (ಕ್ರೈಸ್ತ ಮದುವೆಯ ಮುಂಚಿನ ಶಾಸ್ತ್ರ), ರಿಸೆಪ್ಶನ್‌ಗೆ ನುಡಿಸುವ ಸೆಟಪ್: ಎರಡು ಚಾನೆಲ್ ಕಂಟ್ರೋಲರ್, ಲ್ಯಾಪ್‌ಟಾಪ್, ರೆಕಾರ್ಡ್‌ಬಾಕ್ಸ್ ಅನ್ನುವ ಡಿಜೆ ಸಾಫ್ಟ್‌ವೇರ್. ಈಗ ಮಣಿಪಾಲದಲ್ಲಿ ಎರಡೂವರೆ ಗಂಟೆಯ ಬರೀ ಹೌಸ್ ಸೆಟ್, ಮತ್ತೆ ಮಲ್ಪೆ ಕಡೆ ಒಂದು ಓಪನ್ ಏರ್ ಸಿಗುವ ಹಾಗೆ ಉಂಟು. ಬೈಲಾದಿಂದ ಟಪ್ಪಾಂಗುಚ್ಚಿಗೆ ಹಾರುವ ಕಟ್ ಮಿಕ್ಸಿಂಗ್ ಅಲ್ಲಿ ನಡೆಯುವುದಿಲ್ಲ ಅಂತ ಗೊತ್ತು. ವೇಲ್ಸ್‌ನ ಡಿಜೆ ಸಾಶಾನ ಹಳೇ ಮಿಕ್ಸ್‌ಗಳಲ್ಲಿ ಒಂದು ಟ್ರ್ಯಾಕ್ ಯಾವಾಗ ಹೋಯಿತು, ಇನ್ನೊಂದು ಯಾವಾಗ ಬಂತು ಅಂತಲೇ ತಿಳಿಯುವುದಿಲ್ಲ. ಅದೇ ಬೇಕು.

ಮೂರು ಪ್ರಶ್ನೆ. ಅವನ ಕೆಲಸವನ್ನು ಯಾವ ಕ್ರಮದಲ್ಲಿ ಕೇಳಿದ್ರೆ ಕಲಿಯಲಿಕ್ಕೆ ಆಗ್ತದೆ? ಎರಡು ಟ್ರ್ಯಾಕ್ ಒಟ್ಟಿಗೆ ಬಿಟ್ಟರೆ ಸುಮಾರು ಅರ್ಧ ನಿಮಿಷದವರೆಗೆ ಚಂದ ಇರ್ತದೆ, ಆಮೇಲೆ ಕೆಸರು. ಸಿಂಕ್ (ಬೀಟ್ ತಾನಾಗಿ ಹೊಂದಿಸುವ ಸ್ವಿಚ್) ಆನ್, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಒಂದೇ. ಮತ್ತೆ ಯಾಕೆ? ಸ್ಪೀಕರ್ ಬರೀ ಎರಡು 15 ಇಂಚಿನ ಟಾಪ್, ಸಬ್ (ತಗ್ಗು ಬಾಸ್‌ಗೆಂದೇ ಇರುವ ಸ್ಪೀಕರ್) ಇಲ್ಲ. ಅದರಲ್ಲಿ ಈ ಜಾತಿಯ ಸಂಗೀತ ನಿಲ್ತದಾ?

ಬಿಳಿಆರು

ಮೊದಲನೆಯದಕ್ಕೆ ಉತ್ತರ. ಕ್ರಮ ಮುಖ್ಯ, ಯಾಕಂದ್ರೆ ಅವನ ಕೈಯಲ್ಲಿದ್ದ ಯಂತ್ರ ಬದಲಾದ ಹಾಗೆ ಮಿಕ್ಸಿಂಗ್ ಕೂಡ ಬದಲಾಗಿದೆ.

ಸಾಶಾನ ನಿಜ ಹೆಸರು ಅಲೆಕ್ಸಾಂಡರ್ ಕೋ, ಹುಟ್ಟಿದ್ದು 1969ರಲ್ಲಿ, ವೇಲ್ಸ್‌ನ ಬ್ಯಾಂಗರ್‌ನಲ್ಲಿ. ಎಂಬತ್ತರ ದಶಕದ ಕೊನೆಗೆ ಮ್ಯಾಂಚೆಸ್ಟರ್‌ನ ಹಸಿಯೆಂಡಾ ಕ್ಲಬ್ಬಿನ ಪ್ರಭಾವದಲ್ಲಿ ಶುರು. ಹೆಸರು ಮಾಡಿದ್ದು ಸ್ಟೋಕ್-ಆನ್-ಟ್ರೆಂಟ್‌ನ ಶೆಲ್ಲೀಸ್ ಲೇಸರ್‌ಡೋಮ್‌ನಲ್ಲಿ. ಆಗಿನದ್ದು ಇಟಾಲಿಯನ್ ಪಿಯಾನೋ ಹೌಸ್, ಮೇಲಿಂದ ಅಕಾಪೆಲ್ಲಾ, ಅಂದ್ರೆ ವಾದ್ಯ ಇಲ್ಲದ ಬರೀ ದನಿ. ಭಾವ ಜಾಸ್ತಿ, ಮಿಕ್ಸ್ ಗಿಡ್ಡ. 1992ರಲ್ಲಿ ಮ್ಯಾನ್ಸ್‌ಫೀಲ್ಡ್ ಅನ್ನುವ ಸಣ್ಣ ಊರಿನಲ್ಲಿ ರೆನೆಸಾನ್ಸ್ ಅನ್ನುವ ಕ್ಲಬ್ ನೈಟ್ ಶುರುವಾಯಿತು, ಅಲ್ಲಿ ಇನ್ನೊಬ್ಬ ಡಿಜೆ ಜಾನ್ ಡಿಗ್ವೀಡ್ ಜೊತೆ ಸೇರಿದ ಮೇಲೆ ಮಿಕ್ಸ್ ಉದ್ದ ಆಗ್ತಾ ಹೋಯಿತು. ಅವರಿಬ್ಬರ ಮೂರು ಸಿಡಿಯ ರೆನೆಸಾನ್ಸ್ ಸಂಕಲನ 1994ರದ್ದು. ನೀವು ಶುರು ಮಾಡಬೇಕಾದದ್ದು ಅಲ್ಲಿಂದ ಅಲ್ಲ, ಇಬ್ಬರದೇ 1996ರ ಮಿಕ್ಸ್ ಆಲ್ಬಂ ನಾರ್ದರ್ನ್ ಎಕ್ಸ್‌ಪೋಷರ್‌ನಿಂದ. ಅದರಲ್ಲಿ ವೇಗ ತಗ್ಗು, ಬಿಡುವು ಜಾಸ್ತಿ, ಪದರ ಪದರವಾಗಿ ಕಿವಿಗೆ ಸಿಗ್ತದೆ.

ಅದಾದ ಮೇಲೆ ಸಾಶಾನ 1999ರ ಮಿಕ್ಸ್ ಸಿಡಿ ಗ್ಲೋಬಲ್ ಅಂಡರ್‌ಗ್ರೌಂಡ್ ಇಬಿಜಾ. 1997ರಿಂದ ಇಬ್ಬರೂ ನ್ಯೂಯಾರ್ಕ್‌ನ ಟ್ವಿಲೋದಲ್ಲಿ ತಿಂಗಳ ಕೊನೆಯ ಶುಕ್ರವಾರ ರಾತ್ರಿಯಿಡೀ ನುಡಿಸುತ್ತಿದ್ದರು. 2001ರಲ್ಲಿ ಆ ಕ್ಲಬ್ ಮುಚ್ಚಿತು. ಇಬಿಜಾ ಸಿಡಿಯ ಆತುರವಿಲ್ಲದ ನಡೆ ಕೇಳಿದ್ರೆ ಆ ಉದ್ದ ರಾತ್ರಿಗಳ ಅಭ್ಯಾಸ ಗೊತ್ತಾಗ್ತದೆ. ಅದೇ 1999ರಲ್ಲಿ ಎಕ್ಸ್‌ಪ್ಯಾಂಡರ್ ಇಪಿ ಬಂತು. 2000ದಲ್ಲಿ ಡಿಜೆ ಮ್ಯಾಗ್ ಪಟ್ಟಿಯಲ್ಲಿ ಒಂದನೇ ಸ್ಥಾನ, ಮರುವರ್ಷ ಅದೇ ಸ್ಥಾನ ಡಿಗ್ವೀಡ್‌ಗೆ. ಏರ್‌ಡ್ರಾನ್‌ಡ್ಯಾಗರ್ ಆಲ್ಬಂ 2002ರದ್ದು, ಅದನ್ನು ಮಿಕ್ಸಿಂಗ್ ಕಲಿಯಲಿಕ್ಕೆ ಕೇಳಬೇಡಿ, ಅದು ಅವನ ಸ್ವಂತ ಸಂಗೀತ, ಬೇರೆ ಕೆಲಸ.

ದೊಡ್ಡ ತಿರುವು 2004ರ ಇನ್ವಾಲ್ವರ್. ಬೇರೆಯವರ ಟ್ರ್ಯಾಕ್‌ಗಳ ಬಿಡಿ ಭಾಗಗಳನ್ನೇ ತರಿಸಿ, ಏಬಲ್ಟನ್ ಲೈವ್ ಅನ್ನುವ ಸಂಗೀತ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಬಿಚ್ಚಿ ಪುನಃ ಕಟ್ಟಿದ್ದು. ಎರಡು ಟ್ರ್ಯಾಕ್ ಸೇರುವ ಜಾಗದಲ್ಲಿ ಅವನು ಮಿಕ್ಸರ್‌ನ ಗುಂಡಿ ತಿರುಗಿಸಿದ್ದಲ್ಲ, ಟ್ರ್ಯಾಕನ್ನೇ ಬದಲಿಸಿದ್ದು. ಅಲ್ಲಿಂದ ಮುಂದೆ ವೇದಿಕೆಯ ಮೇಲೂ ಏಬಲ್ಟನ್ ಬಂತು, ಅದಕ್ಕೆಂದೇ ಮೇವನ್ ಅಂತ ಒಂದು ಕಂಟ್ರೋಲರ್ ಮಾಡಿಸಿಕೊಂಡ.

ಹಾಗಾಗಿ ಕಿವಿಗೆ ಹಿತವಾದ ಉದ್ದ ಮಿಕ್ಸ್ ಎಲ್ಲವೂ ಎರಡು ಡೆಕ್‌ನಲ್ಲಿ ಲೈವ್ ಆಗಿ ಬಂದದ್ದು ಅಂತ ತಿಳಿದುಕೊಂಡು ನಿಮ್ಮ ಕಂಟ್ರೋಲರ್‌ಗೆ ಬಯ್ಯಬೇಡಿ.

ನಿಮ್ಮ ಕೆಸರಿಗೆ ಮದ್ದು ಸುಲಭ. ಕೀ ಲಾಕ್ (ವೇಗ ಬದಲಿಸಿದ್ರೂ ಶ್ರುತಿ ಬದಲಾಗದ ಹಾಗೆ ಹಿಡಿಯುವ ಸ್ವಿಚ್) ಆನ್ ಮಾಡಿ, ಶ್ರುತಿ ಹೊಂದುವ ಟ್ರ್ಯಾಕ್ ಹಾಕಿ. ಸಾಶಾ ಕೂಡ ಹಾಗೇ ಮಾಡಿದ್ದು.

ಸುರತ್ಕಲ್ ಲೋಪಾಸ್

ಚರಿತ್ರೆ ಸರಿ, ಕೊನೆಯ ಎರಡು ಸಾಲು ತಪ್ಪು. ತೊಂಬತ್ತರ ದಶಕದ ವಿನೈಲ್ ಡೆಕ್‌ನಲ್ಲಿ ಎಂತ ಕೀ ಲಾಕ್ ಮಾರಾಯ್ರೆ? ಆಗಿನ ರೆಕಾರ್ಡ್ ಪ್ಲೇಯರ್ ಟೆಕ್ನಿಕ್ಸ್ ಎಸ್‌ಎಲ್-1200ರಲ್ಲಿ ಪಿಚ್ ಪ್ಲಸ್-ಮೈನಸ್ 8 ಶೇಕಡಾ, ವೇಗ ಏರಿಸಿದ್ರೆ ಶ್ರುತಿಯೂ ಏರ್ತದೆ. ಒಂದು ಸೆಮಿಟೋನ್ (ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ) ಅಂದ್ರೆ 5.95 ಶೇಕಡಾ. 122ರ ಟ್ರ್ಯಾಕನ್ನು 126ಕ್ಕೆ ತಂದ್ರೆ 3.3 ಶೇಕಡಾ, ಅಂದ್ರೆ ಅರ್ಧ ಸೆಮಿಟೋನ್‌ಗಿಂತ ಸ್ವಲ್ಪ ಜಾಸ್ತಿ. ಅದು ಅತೀ ಕೆಟ್ಟ ಜಾಗ, ಬಿಳಿ ಮನೆಯೂ ಅಲ್ಲ ಕಪ್ಪು ಮನೆಯೂ ಅಲ್ಲ. ವಿನೈಲ್‌ನವರು ಅದಕ್ಕೇ ಹತ್ತಿರದ ವೇಗದ ರೆಕಾರ್ಡ್‌ಗಳನ್ನೇ ಜೋಡಿ ಮಾಡಿ ಇಡುತ್ತಿದ್ದದ್ದು, ಇಲ್ಲದಿದ್ರೆ ಪೂರ್ತಿ 6 ಶೇಕಡಾ ಹತ್ತಿರ ಕೊಂಡುಹೋಗಿ ಪಕ್ಕದ ಮನೆಗೇ ಕೂರಿಸುತ್ತಿದ್ದದ್ದು. ಯಾವುದು ಹೊಂದ್ತದೆ ಅಂತ ಹೇಳಲಿಕ್ಕೆ ಸಾಫ್ಟ್‌ವೇರ್ ಇರಲಿಲ್ಲ, ಕಿವಿಯೇ ಗತಿ.

ಈಗ ನಿಮ್ಮ ಅರ್ಧ ನಿಮಿಷದ ಲೆಕ್ಕ. 124 ಬಿಪಿಎಂನಲ್ಲಿ ಒಂದು ಬೀಟ್ 0.484 ಸೆಕೆಂಡು, ನಾಲ್ಕು ಬೀಟಿನ ಒಂದು ಬಾರ್ 1.94. ಹದಿನಾರು ಬಾರ್ ಅಂದ್ರೆ 31 ಸೆಕೆಂಡು. ಹೆಚ್ಚಿನ ಹೌಸ್ ಟ್ರ್ಯಾಕ್‌ಗಳ ಇಂಟ್ರೋದಲ್ಲಿ ಹದಿನಾರು ಬಾರ್ ಬರೀ ಡ್ರಮ್ಸ್, ಅದು ಮುಗಿದ ಕೂಡಲೇ ಬಾಸ್‌ಲೈನ್ ಬೀಳ್ತದೆ. ಇತ್ತ ಹಳೇ ಟ್ರ್ಯಾಕಿನ ಬಾಸ್ ಇನ್ನೂ ಓಡ್ತಾ ಉಂಟು. ನೀವು ಕೇಳುವ ಕೆಸರು ಎರಡು ಬಾಸ್‌ಲೈನ್ ಒಂದರ ಮೇಲೆ ಒಂದು ಬಿದ್ದದ್ದು. ಸಿಂಕ್ ಬೀಟನ್ನು ಸೇರಿಸ್ತದೆ, ಶ್ರುತಿಯನ್ನಲ್ಲ, ಫ್ರೇಸನ್ನೂ (ಎಂಟೋ ಹದಿನಾರೋ ಬಾರ್‌ನ ಒಂದು ಸಾಲು) ಅಲ್ಲ.

ಇನ್ನೊಂದು ಸೂಕ್ಷ್ಮ. ಎರಡು ಕಿಕ್ ನಿಖರವಾಗಿ ಒಟ್ಟಿಗೆ ಬಿದ್ರೆ ತಗ್ಗಿನಲ್ಲಿ ಮಟ್ಟ 6 ಡೆಸಿಬೆಲ್‌ವರೆಗೆ ಏರ್ತದೆ, ಲಿಮಿಟರ್ (ಮಟ್ಟ ಮಿತಿ ಮೀರದ ಹಾಗೆ ತಡೆಯುವುದು) ಹಿಡಿದು ಇಡೀ ಹಾಡು ಉಸಿರು ಕಟ್ಟಿದ ಹಾಗೆ ಒತ್ತಿಕೊಳ್ತದೆ. ಗ್ರಿಡ್ (ಬೀಟ್ ಬೀಳುವ ಜಾಗಕ್ಕೆ ಸಾಫ್ಟ್‌ವೇರ್ ಹಾಕುವ ಗೆರೆ) ಬರೀ 8 ಮಿಲಿಸೆಕೆಂಡು ಆಚೀಚೆ ಆದ್ರೆ 60 ಹರ್ಟ್ಜ್‌ನಲ್ಲಿ ಅದು ಅರ್ಧ ಅಲೆ. ಒಂದನ್ನೊಂದು ತಿಂದುಹಾಕಿ ಕಿಕ್ ಟೊಳ್ಳಾಗ್ತದೆ. ಪರದೆಯ ಮೇಲೆ ಗೆರೆ ಸರಿಯಾಗೇ ಕಾಣ್ತದೆ, ಕೇಳಲಿಕ್ಕೆ ಆಗುವುದಿಲ್ಲ. ಹಳೇ ವಿನೈಲ್‌ನಿಂದ ಎತ್ತಿದ ಫೈಲ್, ನಿಜವಾದ ಡ್ರಮ್ಮರ್ ಬಾರಿಸಿದ ಡಿಸ್ಕೋ ಇದ್ರೆ ರೆಕಾರ್ಡ್‌ಬಾಕ್ಸ್‌ನಲ್ಲಿ ಡೈನಾಮಿಕ್ ಅನಾಲಿಸಿಸ್ ಹಾಕಿ, ಮೊದಲ ಕಿಕ್ಕಿನ ಮೊನೆಗೆ ಗ್ರಿಡ್ ಕೈಯಿಂದ ತಂದು ಕೂರಿಸಿ. ಇದೊಂದು ಬೇಜಾರಿನ ಕೆಲಸ, ಆದ್ರೆ ಇದನ್ನು ಬಿಟ್ಟವನ ಮಿಕ್ಸ್ ಒಂದು ನಿಮಿಷ ದಾಟುವುದಿಲ್ಲ.

ಮಿಕ್ಸ್ ಮಾಡುವ ರೀತಿ ಹೀಗೆ. ಹೋಗುವ ಟ್ರ್ಯಾಕಿನ ಔಟ್ರೋ (ಕೊನೆಯ ಭಾಗ) ಶುರುವಾಗುವಲ್ಲಿ ಒಂದು ಕ್ಯೂ ಗುರುತು, ಬರುವ ಟ್ರ್ಯಾಕಿನಲ್ಲಿ ಮೊದಲ ಬೀಟಿಗೆ ಒಂದು, ಬಾಸ್ ಬೀಳುವ ಜಾಗಕ್ಕೆ ಒಂದು. ಬರುವುದರ ಲೋ (ಬಾಸ್‌ನ ಗುಂಡಿ) ಪೂರ್ತಿ ಕೆಳಗೆ, ಹೈ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಎಂಟು ಬಾರ್‌ನ ಫ್ರೇಸ್ ಶುರುವಾಗುವ ಮೊದಲ ಬೀಟಿಗೇ ಪ್ಲೇ. ಫೇಡರ್ ಹದಿನಾರು ಬಾರ್ ತೆಗೆದುಕೊಂಡು ಮೇಲೆ ಬರಲಿ. ಕೈ ಓಡಲಿಕ್ಕೆ ನೋಡ್ತದೆ, ಬಿಡಬೇಡಿ. ಹಳೆಯದರ ಹೈಹ್ಯಾಟನ್ನು ಅಷ್ಟರಲ್ಲಿ ಸ್ವಲ್ಪ ಸ್ವಲ್ಪ ತೆಗೆಯುತ್ತಾ ಬನ್ನಿ, ಇಲ್ಲದಿದ್ರೆ ಎರಡು ಹ್ಯಾಟ್ ಸೇರಿ ಮಳೆಗೆ ಶೀಟು ಬಡಿದ ಹಾಗೆ ಆಗ್ತದೆ. ಬಾಸ್ ಬೀಳುವ ಬೀಟಿಗೆ ಒಂದೇ ಚಲನೆಯಲ್ಲಿ ಹಳೇ ಲೋ ಕೆಳಗೆ, ಹೊಸ ಲೋ ಮೇಲೆ. ಬಾಸ್ ಒಂದನ್ನು ನಿಧಾನವಾಗಿ ಅದಲು ಬದಲು ಮಾಡಲೇಬಾರದು. ಅದಾದ ಮೇಲೆ ಹಳೆಯದರ ಮಿಡ್ ಮತ್ತು ಪ್ಯಾಡ್ (ಎಳೆದು ನಿಲ್ಲುವ ಹಿನ್ನೆಲೆ ಸ್ವರ) ಎಷ್ಟು ಬೇಕಾದ್ರೂ ಹೊತ್ತು ಉಳಿಯಬಹುದು. ನಾಲ್ಕು ಬಾರ್ ಲೂಪ್ ಹಾಕಿ ಇನ್ನೂ 32 ಬಾರ್ ಎಳೆದ್ರೆ ಒಟ್ಟು ಒಂದೂವರೆ ನಿಮಿಷ ದಾಟ್ತದೆ. ಯಾರಿಗೂ ಬೆಸುಗೆ ಕಾಣುವುದಿಲ್ಲ.

ಶ್ರುತಿ ಹೊಂದಾಣಿಕೆಗೆ ಕ್ಯಾಮೆಲಾಟ್ ಸಂಖ್ಯೆ (ಒಂದೊಂದು ಶ್ರುತಿಗೆ ಕೊಟ್ಟ ಗುರುತು) ನೋಡಿ. 8ಎ ಅಂದ್ರೆ ಎ ಮೈನರ್. ಅದರ ಜೊತೆಗೆ 7ಎ, 9ಎ, 8ಬಿ ಸಲೀಸು. ಹಾರ್ಮೋನಿಯಂ ಭಾಷೆಯಲ್ಲಿ ಬೇಕಾದ್ರೆ, ಬಿಳಿ ಆರಕ್ಕೆ ಷಡ್ಜ ಇರುವ ಟ್ರ್ಯಾಕ್‌ನಿಂದ ಬಿಳಿ ಮೂರಕ್ಕೋ ಬಿಳಿ ಎರಡಕ್ಕೋ ಹೋಗಬಹುದು, ಏಳು ಸ್ವರದಲ್ಲಿ ಆರು ಒಂದೇ ಇರ್ತದೆ. ಬಿಳಿ ಆರರಿಂದ ಕಪ್ಪು ಐದಕ್ಕೆ ಉದ್ದ ಮಿಕ್ಸ್ ಮಾಡಿದ್ರೆ ಭಾಗವತರು ಒಂದು ಮನೆ, ಶ್ರುತಿ ಪೆಟ್ಟಿಗೆ ಇನ್ನೊಂದು ಮನೆ. ಅಂಥ ಜೋಡಿಗೆ ಡ್ರಮ್ಸ್ ಮಾತ್ರ ಇರುವ ಜಾಗದಲ್ಲಿ ಎಂಟು ಬಾರ್‌ನಲ್ಲಿ ಮುಗಿಸಿಬಿಡಿ. ಸಾಫ್ಟ್‌ವೇರ್ ಹೇಳಿದ ಕೀ ಮೇಲೆ ಪೂರ್ತಿ ನಂಬಿಕೆ ಬೇಡ. ಅದು ಷಡ್ಜವನ್ನು ಪಂಚಮ ಅಂತ, ಮೈನರನ್ನು ಅದರ ಜೋಡಿ ಮೇಜರ್ ಅಂತ ಆಗಾಗ ತಪ್ಪುತ್ತದೆ. ಫೋನಿನ ಶ್ರುತಿ ಆ್ಯಪ್‌ನಲ್ಲಿ ಒಂದು ಸ್ವರ ಹಿಡಿದು ಬಾಸ್‌ಲೈನ್ ಜೊತೆ ಕೇಳಿದ್ರೆ ಹತ್ತು ಸೆಕೆಂಡಿನಲ್ಲಿ ಇತ್ಯರ್ಥ.

ಕೀ ಲಾಕ್ ಈಗ ಉಂಟಲ್ಲ, ಹಾಕಿ. ಆದ್ರೆ ಮೂರು ಶೇಕಡಾದ ಒಳಗೆ ಇಟ್ಟುಕೊಳ್ಳಿ. ಆಮೇಲೆ ಕಿಕ್ಕಿನ ಮೊನೆ ಮೊಂಡಾಗ್ತದೆ, ಹೆಡ್‌ಫೋನಿನಲ್ಲಿ ಗೊತ್ತಾಗದಿದ್ರೂ ದೊಡ್ಡ ಸ್ಪೀಕರಿನಲ್ಲಿ ಗೊತ್ತಾಗ್ತದೆ.

ಬಿಳಿಆರು

ಕೀ ಲಾಕ್ ವಿಷಯ ಒಪ್ಪಿದೆ. 1200ರಲ್ಲಿ ಇನ್ನೊಂದು ಕಾಟ ಇತ್ತು: ಹಳೇ ಎಂಕೆ2 ಮಾದರಿಯ ಪಿಚ್ ಫೇಡರ್‌ನಲ್ಲಿ ಸೊನ್ನೆಗೆ ಬಂದಾಗ ಟಕ್ ಅಂತ ಕೂರ್ತದೆ, ಅದರ ಆಚೀಚೆ ಸ್ವಲ್ಪ ಜಾಗದಲ್ಲಿ ಸರಿಸಿದ್ರೂ ವೇಗ ಬದಲಾಗುವುದಿಲ್ಲ. ಹಾಗಾಗಿ ಉದ್ದ ಮಿಕ್ಸ್ ಮಾಡುವವರು ಎರಡೂ ಡೆಕ್ ಸೊನ್ನೆಯಿಂದ ದೂರ ಇರುವ ಹಾಗೆ ಆರಿಸಿಕೊಳ್ಳುತ್ತಿದ್ದರು.

ಮಲ್ಪೆ ಬಂದರ್ ಸೌಂಡ್

ಮೂರನೇ ಪ್ರಶ್ನೆಗೆ ಬರ್ತೇನೆ. ಮಿಕ್ಸಿಂಗ್ ಎಷ್ಟು ಚಂದ ಮಾಡಿದ್ರೂ ಸಬ್ ಇಲ್ಲದ ಸಿಸ್ಟಮ್‌ನಲ್ಲಿ ಈ ಸಂಗೀತದ ಅರ್ಧ ಜೀವ ಹೊರಗೇ ಬರುವುದಿಲ್ಲ.

ಎಫ್ ಮೈನರ್ ಟ್ರ್ಯಾಕಿನ ಬಾಸ್‌ನ ಮೂಲ ಸ್ವರ 43.65 ಹರ್ಟ್ಜ್. ಜಿ 49, ಎ 55. ಬಾಡಿಗೆಗೆ ಸಿಗುವ ಸಾಮಾನ್ಯ 15 ಇಂಚಿನ ಟಾಪ್ 50ರ ಆಸುಪಾಸಿನಲ್ಲಿ ಇಳಿದುಬಿಡ್ತದೆ. ಅಂದ್ರೆ ಎಫ್‌ನ ಟ್ರ್ಯಾಕ್ ಹಾಕಿದ್ರೆ ಕೋನ್ ಅಲ್ಲಾಡುವುದು ಕಾಣ್ತದೆ, ಬಾಸ್ ಕೇಳುವುದಿಲ್ಲ. ಆಗ ಡಿಜೆ ಲೋ ಗುಂಡಿ ತಿರುಗಿಸ್ತಾನೆ, ಆಂಪ್ ಕ್ಲಿಪ್ ಆಗ್ತದೆ, ಹಾರುವುದು ಮೊದಲು ಹಾರ್ನಿನ ಡಯಾಫ್ರಂ. ಸಬ್ ತರಲಿಕ್ಕೆ ಸಾಧ್ಯವೇ ಇಲ್ಲದಿದ್ರೆ ಎ, ಬಿ ಸ್ವರದ ಟ್ರ್ಯಾಕ್‌ಗಳನ್ನು, ಬಾಸ್‌ಲೈನ್ ಸ್ವಲ್ಪ ಗರಗರ ಇರುವವನ್ನು ಆರಿಸಿ, ಅದರ ಮೇಲಿನ ಹಾರ್ಮೋನಿಕ್ಸ್ ಸಣ್ಣ ಸ್ಪೀಕರಿನಲ್ಲೂ ಕೇಳ್ತದೆ. ಬರೀ ಸೈನ್ ಅಲೆಯ ಸಬ್ ಬಾಸ್ ಇರುವವು ಆ ರಾತ್ರಿಗೆ ಬೇಡ.

ಸಬ್ ತಂದ್ರೆ ಎಡಕ್ಕೊಂದು ಬಲಕ್ಕೊಂದು ಇಡಬೇಡಿ. ನಡುವೆ ಜೋರು, ಬದಿಗೆ ಹೊಂಡ ಆಗ್ತದೆ. ಎರಡನ್ನೂ ಒಟ್ಟಿಗೆ ಮಧ್ಯದಲ್ಲಿ ನೆಲದ ಮೇಲೆ ಇಡಿ, ಒಂದಕ್ಕಿಂತ 6 ಡೆಸಿಬೆಲ್ ಜಾಸ್ತಿ ಸಿಗ್ತದೆ, ಸಮವಾಗಿಯೂ ಇರ್ತದೆ. ಬೀಚಿನಲ್ಲಿ ಗೋಡೆ ಇಲ್ಲ, ದೂರ ಎರಡರಷ್ಟಾದಾಗ 6 ಡೆಸಿಬೆಲ್ ಹೋಗ್ತದೆ. ಹಾಲ್‌ನಲ್ಲಿ ಸಾಕಾದದ್ದು ಅಲ್ಲಿ ಸಾಕಾಗುವುದಿಲ್ಲ.

ಬೂತ್ ಮಾನಿಟರ್ (ಡಿಜೆಯ ಪಕ್ಕದ ಸ್ಪೀಕರ್) ಕೇಳದೆ ಹೋದ್ರೆ ಮಣಿಪಾಲ ಆದ್ರೂ ಮಲ್ಪೆ ಆದ್ರೂ ಉದ್ದ ಮಿಕ್ಸ್ ಆಗುವುದಿಲ್ಲ. ಮುಖ್ಯ ಸ್ಪೀಕರ್ 17 ಮೀಟರ್ ದೂರ ಇದ್ರೆ ಶಬ್ದ ನಿಮಗೆ ಸುಮಾರು 50 ಮಿಲಿಸೆಕೆಂಡು ತಡವಾಗಿ ಬರ್ತದೆ. 124ರಲ್ಲಿ ಅದು ಬೀಟಿನ ಹತ್ತನೇ ಒಂದು ಭಾಗ. ಹೆಡ್‌ಫೋನಿನಲ್ಲಿ ಸರಿ, ಹೊರಗೆ ತಪ್ಪು ಅಂತ ಅನ್ನಿಸಿ ಜಾಗ್ ಚಕ್ರ ತಿರುಗಿಸ್ತೀರಿ, ಸರಿ ಇದ್ದದ್ದು ಹಾಳಾಗ್ತದೆ. ಕಿವಿಯಿಂದ ಒಂದೂವರೆ ಮೀಟರಿನೊಳಗೆ ಒಂದು ಸಣ್ಣ ಪವರ್ಡ್ ಸ್ಪೀಕರ್ ಸಾಕು.

ಉಪ್ಪುಗಾಳಿ. ಫೇಡರ್ ಗರಗರ ಅನ್ನುವುದು, ಒಂದು ಬದಿಯ ಶಬ್ದ ಹೋಗಿ ಬರುವುದು, ನಮ್ಮ ಕರಾವಳಿಯಲ್ಲಿ ಇದರಲ್ಲಿ ಹೆಚ್ಚಿನದು ಸಂಪರ್ಕದ ಲೋಹ ಕಿಲುಬು ಹಿಡಿದದ್ದು. ಕಾರ್ಯಕ್ರಮ ಮುಗಿದ ರಾತ್ರಿಯೇ ಒಣ ಬಟ್ಟೆಯಿಂದ ಒರೆಸಿ, ಪ್ಲಗ್‌ಗಳಿಗೆ 99 ಶೇಕಡಾದ ಐಸೊಪ್ರೊಪೈಲ್ ಹಚ್ಚಿ. ಫೇಡರ್ ಒಳಗೆ ಆಲ್ಕೋಹಾಲ್ ಸುರಿಯಬೇಡಿ, ಗ್ರೀಸ್ ತೊಳೆದುಹೋಗ್ತದೆ, ಫೇಡರ್‌ಗೆಂದೇ ಬರುವ ಕ್ಲೀನರ್ ಬೇಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇರಲಿ. ಎಸಿ ಕಾರಿನಿಂದ ಇಳಿಸಿದ ಕಂಟ್ರೋಲರನ್ನು ಕೂಡಲೇ ತೆರೆಯಬಾರದು, ತಣ್ಣಗಿನ ಲೋಹದ ಮೇಲೆ ಬೆವರು ಕೂರ್ತದೆ. ಮುಚ್ಚಿದ ಪೆಟ್ಟಿಗೆಯಲ್ಲೇ ಅರ್ಧ ಗಂಟೆ ಬಿಡಿ.

ಗುಂಯ್ ಶಬ್ದ ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ನಿಂತರೆ ಗ್ರೌಂಡ್ ಲೂಪ್, ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಚಾರ್ಜರಿನ ಅರ್ತ್ ಪಿನ್ ಮುರಿಯುವುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಒದ್ದೆ ಮರಳಿನ ಮೇಲೆ ಜನರೇಟರ್ ಕರೆಂಟಿನಲ್ಲಿ ಅದು ಜೀವ ತೆಗೆಯುವ ಉಪಾಯವೂ ಹೌದು.

ಕದ್ರಿಕಂಬ್ಳ_124

ಹದಿನಾರು ಬಾರ್‌ನ ಲೆಕ್ಕ ಹಾಕಿ ನೋಡಿದ್ರೆ ನಿಜವಾಗಿ ಅಲ್ಲೇ ಕೆಸರಾಗುವುದು. ಎರಡು ಸಂಶಯ ಉಳಿಯಿತು. ಈಗ ಆನ್‌ಲೈನ್‌ನಲ್ಲಿ ಸಿಗುವ ಎಷ್ಟೋ ಟ್ರ್ಯಾಕ್ ಮೂರು ನಿಮಿಷದ ರೇಡಿಯೋ ಎಡಿಟ್, ಇಂಟ್ರೋವೇ ಇಲ್ಲ. ಇನ್ವಾಲ್ವರ್ ಹಾಗೆ ಬಿಚ್ಚಿ ಕಟ್ಟಲಿಕ್ಕೆ ನಮಗೆ ಬಿಡಿ ಭಾಗ ಯಾರು ಕೊಡ್ತಾರೆ? ಮತ್ತೆ, ಸಾಶಾನಿಗೆ ರಾತ್ರಿಯಿಡೀ ಇತ್ತು, ಇಲ್ಲಿ ಹತ್ತು ಗಂಟೆಗೆ ಬಂದ್. ಎರಡೂವರೆ ಗಂಟೆಯನ್ನು ಹೇಗೆ ಹಂಚುವುದು?

ಸುರತ್ಕಲ್ ಲೋಪಾಸ್

ಮೊದಲು ಎಕ್ಸ್‌ಟೆಂಡೆಡ್ ಮಿಕ್ಸ್ ಖರೀದಿಗೆ ಸಿಗ್ತದಾ ನೋಡಿ, ಡಿಜೆಗಳ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗ್ತದೆ. ಯೂಟ್ಯೂಬಿನಿಂದ ಎಳೆದ ಫೈಲ್ ಬೇಡವೇ ಬೇಡ. ಹೈಹ್ಯಾಟ್ ನೀರಿನಲ್ಲಿ ಮುಳುಗಿದ ಹಾಗೆ ಇರ್ತದೆ, ಉದ್ದ ಮಿಕ್ಸ್‌ನಲ್ಲಿ ಅಂಥವು ಎರಡು ಸೇರಿದ್ರೆ ಕೇಳಲಿಕ್ಕೆ ಆಗುವುದಿಲ್ಲ. ಎಐಎಫ್‌ಎಫ್, ಇಲ್ಲವೇ 320ರ ಎಂಪಿ3.

ಸಿಗದಿದ್ರೆ ಏಬಲ್ಟನ್‌ನಲ್ಲಿ ನೀವೇ ಎಡಿಟ್ ಮಾಡಿ. ಮೊದಲ ಕಿಕ್ಕಿಗೆ 1.1.1 ಕೊಟ್ಟು ಅಲ್ಲಿಂದ ನೇರ ವಾರ್ಪ್ (ವೇಗ ಎಳೆದು ಗ್ರಿಡ್‌ಗೆ ಹೊಂದಿಸುವುದು). ಇಡೀ ಟ್ರ್ಯಾಕಿಗೆ ಕಾಂಪ್ಲೆಕ್ಸ್ ಪ್ರೊ, ಬರೀ ಡ್ರಮ್ಸ್ ತುಂಡಿಗೆ ಬೀಟ್ಸ್ ಮೋಡ್, ವೇಗದ ಬದಲಾವಣೆ ತೀರಾ ಕಮ್ಮಿ ಇದ್ರೆ ರೀ-ಪಿಚ್. ರೀ-ಪಿಚ್ ವಿನೈಲ್ ಹಾಗೆ ಶ್ರುತಿ ಸರಿಸ್ತದೆ, ಆದ್ರೆ ಶಬ್ದ ಕೆಡುವುದಿಲ್ಲ. ಟ್ರ್ಯಾಕಿನೊಳಗೆ ಬಾಸ್ ಇಲ್ಲದ ನಾಲ್ಕೆಂಟು ಬಾರ್ ಹುಡುಕಿ, ಅದನ್ನು 32 ಬಾರ್‌ಗೆ ಎಳೆದು ಮುಂದೆ ಅಂಟಿಸಿ, ಕೊನೆಗೂ ಅಷ್ಟೇ. ಬರೀ ನಕಲು ಮಾಡಿದ್ರೆ ಯಂತ್ರದ ಹಾಗೆ ಕೇಳ್ತದೆ, ಎಂಟು ಬಾರಿಗೊಮ್ಮೆ ಒಂದು ಶೇಕರ್, ಆಮೇಲೆ ಒಂದು ಓಪನ್ ಹ್ಯಾಟ್ ಸೇರಿಸ್ತಾ ಹೋಗಿ. ತುಂಡುಗಳು ಸೇರುವಲ್ಲಿ 2ರಿಂದ 5 ಮಿಲಿಸೆಕೆಂಡು ಕ್ರಾಸ್‌ಫೇಡ್ ಇಡದಿದ್ರೆ ಟಿಕ್ ಅಂತ ಶಬ್ದ ಬರ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಪೀಕ್ ಸೊನ್ನೆಗಿಂತ ಒಂದು ಡೆಸಿಬೆಲ್ ಕೆಳಗೆ.

ಬಿಡಿ ಭಾಗಕ್ಕೆ ಈಗ ಸಾಫ್ಟ್‌ವೇರಿನ ಸ್ಟೆಮ್ಸ್ (ಹಾಡಿನಿಂದ ದನಿ, ಡ್ರಮ್ಸ್, ಬಾಸ್ ಬೇರೆ ಮಾಡುವುದು) ಉಂಟು. ಡ್ರಮ್ಸ್ ತೆಗೆಯಲಿಕ್ಕೆ ಅಡ್ಡಿ ಇಲ್ಲ. ದನಿ ತೆಗೆದ್ರೆ ಅದರ ಬಾಲದಲ್ಲಿ ಹ್ಯಾಟಿನ ಚೂರು ಅಂಟಿಕೊಂಡಿರ್ತದೆ, ಕೆಳಗೆ ಬೇರೆ ಡ್ರಮ್ಸ್ ಓಡ್ತಾ ಇದ್ರೆ ಮುಚ್ಚಿಹೋಗ್ತದೆ, ಖಾಲಿ ಬ್ರೇಕ್‌ಡೌನ್‌ನಲ್ಲಿ ಬಿಟ್ಟರೆ ಬಯಲಾಗ್ತದೆ. ಬಾಸ್ ಮಾತ್ರ ಸ್ಟೆಮ್ಸ್‌ನಿಂದ ತೆಗೆದು ಬಳಸಬೇಡಿ, ಕಿಕ್ಕಿನ ಬುಡವೂ ಅದರ ಜೊತೆ ಬರ್ತದೆ. ಎರಡು ಚಾನೆಲ್ಲಿನವರಿಗೆ ಒಂದು ಲಾಭ: ಇಂಥ ಒಂದು ದನಿಯ ತುಂಡನ್ನು ಸ್ಯಾಂಪ್ಲರ್ ಪ್ಯಾಡಿಗೆ ಹಾಕಿದ್ರೆ ಅದೇ ಮೂರನೇ ಡೆಕ್. ಕಾರ್ಲ್ ಕಾಕ್ಸ್ ಮೂರು ಡೆಕ್ ಓಡಿಸಿಯೇ ಹೆಸರು ಮಾಡಿದವ, ಆದ್ರೆ ಅವನದು ಒತ್ತಡ ಏರಿಸುವ ಆಟ. ನೀವು ಹುಡುಕುವುದು ಬೇರೆ, ಮೂರನೆಯದನ್ನು ಮಿತವಾಗಿ ಬಳಸಿ.

ಕ್ಲಬ್ಬಿನವರ ಪ್ಲೇಯರಿಗೆ ಪೆನ್‌ಡ್ರೈವ್ ಕೊಂಡುಹೋಗುವುದಿದ್ರೆ ಎಫ್‌ಎಟಿ32 ಫಾರ್ಮ್ಯಾಟ್, ಎರಡು ಪ್ರತಿ. ಕ್ಲಬ್ಬಿನ ಹಳೇ ಸಿಡಿಜೆ ಪ್ಲೇಯರ್‌ಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ.

ಮಲ್ಪೆ ಬಂದರ್ ಸೌಂಡ್

ಹತ್ತು ಗಂಟೆ ಅನ್ನುವುದು 2000ದ ಶಬ್ದ ಮಾಲಿನ್ಯ ನಿಯಮದ್ದು, ರಾತ್ರಿ 10ರಿಂದ ಬೆಳಿಗ್ಗೆ 6. ಸಭಾಂಗಣದಂಥ ಮುಚ್ಚಿದ ಜಾಗದೊಳಗೆ ವಿನಾಯಿತಿ ಉಂಟು, ಬೀಚಿಗೆ ಇಲ್ಲ. ಹಾಗಾಗಿ ಮಲ್ಪೆಯದ್ದು ಏಳೂವರೆಗೆ ಶುರು, ಹತ್ತಕ್ಕೆ ಐದು ನಿಮಿಷ ಇರುವಾಗ ಕೊನೆಯ ಟ್ರ್ಯಾಕಿನ ಔಟ್ರೋ. ಪೊಲೀಸರು ಬಂದು ನಿಲ್ಲಿಸಿದ್ರೆ ಯಾವ ಫೇಡ್‌ಔಟೂ ಚಂದ ಕಾಣುವುದಿಲ್ಲ.

ಲೈಸೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಮದುವೆಯ ದಿಬ್ಬಣ, ಅದಕ್ಕೆ ಸಂಬಂಧಿಸಿದ ಸಮಾರಂಭಗಳಿಗೆ ಕಾಪಿರೈಟ್ ಕಾಯ್ದೆಯ 52(1)(ಝಡ್‌ಎ)ಯಲ್ಲಿ ರಿಯಾಯಿತಿ ಉಂಟು. ಟಿಕೆಟ್ ಹೌಸ್ ನೈಟಿಗೆ ಅದು ಅನ್ವಯ ಆಗುವುದಿಲ್ಲ. ಪಿಪಿಎಲ್, ಐಪಿಆರ್‌ಎಸ್ (ಹಾಡಿನ ಹಕ್ಕಿನ ಶುಲ್ಕ ವಸೂಲಿ ಮಾಡುವ ಸಂಸ್ಥೆಗಳು) ವ್ಯವಹಾರ ಆಯೋಜಕರ ತಲೆಗೆ ಅಂತ ಮೊದಲೇ ಬರೆಸಿಕೊಳ್ಳಿ.

ಬಿಳಿಆರು

ಹಂಚುವ ವಿಷಯ. 150 ನಿಮಿಷಕ್ಕೆ ಟ್ರ್ಯಾಕ್ ತಲಾ ಐದು ನಿಮಿಷ ಸಿಕ್ಕಿದ್ರೆ 30 ಟ್ರ್ಯಾಕ್. 70 ಇಟ್ಟುಕೊಳ್ಳಿ, 300 ಬೇಡ. ಮೊದಲ ನಲವತ್ತು ನಿಮಿಷ 118ರಿಂದ 120, ದನಿ ಇಲ್ಲದವು, ಜನ ಇನ್ನೂ ಗೋಳಿಬಜೆ ಕೈಯಲ್ಲಿ ಹಿಡಿದು ಮಾತಾಡುವ ಹೊತ್ತು. ವೇಗವನ್ನು ಒಂದು ಟ್ರ್ಯಾಕಿಗೆ ಅರ್ಧ ಬಿಪಿಎಂಗಿಂತ ಹೆಚ್ಚು ಏರಿಸಬೇಡಿ. ಮುಕ್ಕಾಲು ಭಾಗ ದಾಟುವಾಗ 124, ಕೊನೆಗೆ 126. ಗುರುತಿನ ಹಾಡು ಕೇಳಲಿಕ್ಕೆ ಯಾರಾದ್ರೂ ಬರುವುದು ಖಂಡಿತ. ಅದಕ್ಕೆ ಒಂದೇ ಒಂದು ಅಕಾಪೆಲ್ಲಾ ತಯಾರು ಮಾಡಿ ಇಟ್ಟುಕೊಳ್ಳಿ, ಶ್ರುತಿ ಹೊಂದುವ ಡಬ್ (ದನಿ ಕಮ್ಮಿ ಇರುವ ಆವೃತ್ತಿ) ಮೇಲೆ ಬಿಡಿ. ತೊಂಬತ್ತೊಂದರ ಹೊತ್ತಿಗೆ ಸ್ಟೋಕ್‌ನಲ್ಲಿ ಸಾಶಾ ಅಕಾಪೆಲ್ಲಾದಿಂದ ಮಾಡಿದ್ದೂ ಅದನ್ನೇ. ಯಾವ ಹಾಡು ಅಂತ ಮಾತ್ರ ಇಲ್ಲಿ ಕೇಳಬೇಡಿ, ಆ ಚರ್ಚೆ ಶುರುವಾದ್ರೆ ಮುಗಿಯುವುದಿಲ್ಲ.